ಮಳೆ ಕಳೆದ ಮೇಲಿನ ಬಣ್ಣ: ಮಲೆನಾಡಿನ ಅಂಗಳಕ್ಕೆ ಶರತ್ಕಾಲದ ಬಹುವಾರ್ಷಿಕ ಹೂಗಿಡಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೂಗಿಡದ ಆಸಕ್ತರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳಲ್ಲೆಲ್ಲ ಒಂದು ವಿಷಯ ತಿರುಗಿ ತಿರುಗಿ ಬರುತ್ತದೆ: ನಮ್ಮಲ್ಲಿ ಕಾರ್ತಿಕದ ಹೂವನ್ನು ತೀರ್ಮಾನಿಸುವುದು ಆಷಾಢ, ಶ್ರಾವಣದ ಮಳೆ. ಪುಷ್ಯ, ಆಶ್ಲೇಷ ಮಳೆಯಲ್ಲಿ (ಜುಲೈ ಕೊನೆ, ಆಗಸ್ಟ್ ಮೊದಲ ಭಾಗ) ಬೇರು ಉಳಿಸಿಕೊಂಡ ಗಿಡ ಮಾತ್ರ ದೀಪಾವಳಿಗೆ ಹೂ ಕೊಡುತ್ತದೆ. ನರ್ಸರಿಯಲ್ಲಿ ಬಣ್ಣ ನೋಡಿ ಗಿಡ ಆರಿಸುವವರು ಮಳೆಗಾಲದ ನಡುವೆ ಸೋಲುವುದು ಇದಕ್ಕೇ.

## ಮೊದಲು ತಿಳಿಯಬೇಕಾದ್ದು

“ನಮ್ಮ ಕಡೆ ಶರತ್ಕಾಲ ಅಂತ ಬೇರೆ ಇದೆಯಾ? ಮಳೆ ಬಿಟ್ಟರೆ ಚಳಿ ಅಲ್ವಾ?”

ಇದೆ, ಚಿಕ್ಕದು ಅಷ್ಟೆ. ಪಂಚಾಂಗದಲ್ಲಿ ಅದು ಆಶ್ವಯುಜ, ಕಾರ್ತಿಕ. ಹೂಗಿಡದ ಲೆಕ್ಕದಲ್ಲಿ ಉತ್ತರೆ ಮಳೆ ಇಳಿಯುವ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮುಗಿಯುವವರೆಗೆ. ಮೋಡ ಸರಿದು ಬಿಸಿಲು ಬೀಳುತ್ತದೆ, ಮಣ್ಣಿನಲ್ಲಿ ತೇವ ಇನ್ನೂ ಇರುತ್ತದೆ, ಹಗಲು ಮೊಟಕಾಗುತ್ತ ಬರುತ್ತದೆ. ಶಿವಮೊಗ್ಗದಲ್ಲಿ ಜೂನ್ 21ರ ಹಗಲು ಹೆಚ್ಚುಕಡಿಮೆ 13 ಗಂಟೆ, ಡಿಸೆಂಬರ್ 21ರ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಒಂದೂವರೆ ಗಂಟೆ ಚಿಲ್ಲರೆಯ ಈ ವ್ಯತ್ಯಾಸ ಜನರಿಗೆ ಗೊತ್ತಾಗುವುದಿಲ್ಲ, ಸೇವಂತಿಗೆಗೆ ಗೊತ್ತಾಗುತ್ತದೆ. ನಡುವೆ ಚಿತ್ತೆ, ಸ್ವಾತಿಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದು ಹೋಗುತ್ತದೆ. ಹೂವಿಗೆ ಆಗುವ ಪೆಟ್ಟೆಲ್ಲ ಆ ಮಳೆಯಿಂದಲೇ.

“ಚೆಂಡು ಹೂವೂ ಪ್ರತಿ ವರ್ಷ ತಾನಾಗೇ ಹುಟ್ಟುತ್ತಲ್ಲ, ಅದು ಬಹುವಾರ್ಷಿಕ ಅಲ್ವಾ?”

ಅಲ್ಲ. ಚೆಂಡು ಹೂ, ಕರ್ಣಕುಂಡಲ, ಚೈನಾ ಆಸ್ಟರ್ ಹೂಬಿಟ್ಟು ಬೀಜ ಉದುರಿಸಿ ಸಾಯುತ್ತವೆ. ಮುಂದಿನ ವರ್ಷ ಹುಟ್ಟುವುದು ಬೇರೆ ಗಿಡ. ಬಹುವಾರ್ಷಿಕದಲ್ಲಿ ಅದೇ ಬುಡ ಬದುಕಿದ್ದು ಮತ್ತೆ ಚಿಗುರುತ್ತದೆ. ಇವುಗಳಲ್ಲಿ ಮೂರು ಬಗೆ: ಪೊದೆಯಾಗಿ ನಿಲ್ಲುವ ಸ್ಫಟಿಕ, ಕನಕಾಂಬರ, ಬುಡದಲ್ಲಿ ಮರಿ ಒಡೆಯುವ ಸೇವಂತಿಗೆ, ಮೇಲಿನ ದಂಟು ಒಣಗಿದರೂ ನೆಲದೊಳಗೆ ಗೆಡ್ಡೆ ಉಳಿಯುವ ಡೇರೆ (ಡೇಲಿಯಾ), ಸುರುಳಿ ಸುಗಂಧಿ, ಗೌರಿ ಹೂ (ಗ್ಲೋರಿಯೋಸಾ). ಮೂರನೆಯ ಬಗೆಯವು ಬೇಸಿಗೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಸತ್ತುಹೋಯಿತೆಂದು ಅಗೆದು ಎಸೆಯುವ ಮೊದಲು ಬುಡ ಕೆದಕಿ ನೋಡಿ, ಜಾಗಕ್ಕೊಂದು ಗೂಟ ಹೊಡೆದಿಡಿ.

“ಮೊದಲ ಸಲ ಮಾಡ್ತಾ ಇದೀನಿ. ಸುಲಭಕ್ಕೆ ಸಾಯದ ನಾಲ್ಕು ಗಿಡ ಹೇಳಿ, ಸಾಕು.”

ಸ್ಫಟಿಕ, ಕನಕಾಂಬರ, ಸುರುಳಿ ಸುಗಂಧಿ, ನಾಟಿ ಸೇವಂತಿಗೆ.

ಸ್ಫಟಿಕವನ್ನು (ಕೆಲವು ಕಡೆ ಗೋರಟೆ ಎನ್ನುತ್ತಾರೆ) ಮೊದಲಿಗೆ ಇಟ್ಟಿದ್ದಕ್ಕೆ ಕಾರಣವಿದೆ. ಮಳೆ ತಡೆಯುತ್ತದೆ, ಅರ್ಧ ನೆರಳಿಗೂ ಒಗ್ಗುತ್ತದೆ, ಕಡ್ಡಿಯಿಂದ ಬರುತ್ತದೆ, ಅಕ್ಟೋಬರ್ ಕೊನೆಗೆ ಶುರುವಾದ ಹೂ ಜನವರಿವರೆಗೂ ಇರುತ್ತದೆ. ಬಿಳಿ, ತಿಳಿ ನೇರಳೆ, ಗುಲಾಬಿ, ನೇರಳೆ ಮೇಲೆ ಬಿಳಿ ಗೆರೆಯವು ಸಿಗುತ್ತವೆ. ಕನಕಾಂಬರ ಜೋರು ಮಳೆಯಲ್ಲಿ ಸುಮ್ಮನಿದ್ದು ಬಿಸಿಲು ಬಂದ ಕೂಡಲೇ ತೆನೆ ಎತ್ತುತ್ತದೆ. ಸುರುಳಿ ಸುಗಂಧಿ ನೀರು ನಿಲ್ಲುವ ಹಿತ್ತಲಿಗೆ. ಸೇವಂತಿಗೆ ನಾಲ್ಕರಲ್ಲಿ ಹೆಚ್ಚು ಕೆಲಸ ಕೇಳುತ್ತದೆ, ಆದರೆ ಅದಿಲ್ಲದ ಕಾರ್ತಿಕ ಬೋಳು.

“ಈಗ ಅಕ್ಟೋಬರ್. ತಡ ಆಯ್ತಾ?”

ಈ ವರ್ಷದ ಹೂವಿಗೆ ತಡವಾಯಿತು. ಮೊಗ್ಗಿರುವ ಕುಂಡ ತಂದಿಟ್ಟರೆ ಹಬ್ಬ ಕಳೆಯಬಹುದು. ಮುಂದಿನ ವರ್ಷಕ್ಕೆ ಮಾತ್ರ ಇದೇ ಒಳ್ಳೆಯ ಸಮಯ, ಏಕೆಂದರೆ ಯಾರ ಮನೆಯಲ್ಲಿ ಯಾವ ಬಣ್ಣವಿದೆ, ಯಾವುದು ಮಳೆ ತಡೆದು ಹೂಬಿಟ್ಟಿದೆ ಎಂಬುದು ಈಗ ಕಣ್ಣೆದುರಿಗಿದೆ. ಬೇಕಾದ ಗಿಡಕ್ಕೆ ಈಗಲೇ ಬಣ್ಣದ ದಾರ ಕಟ್ಟಿಸಿಡಿ. ಹೂ ಹೋದ ಮೇಲೆ ಬಿಳಿ ಸ್ಫಟಿಕ ಯಾವುದು, ನೇರಳೆ ಯಾವುದು ಗುರುತು ಹತ್ತುವುದಿಲ್ಲ. ಸೇವಂತಿಗೆ ಮರಿಯನ್ನು ಫೆಬ್ರವರಿಯಿಂದ, ಗೆಡ್ಡೆಗಳನ್ನು ಮೇ ತಿಂಗಳಲ್ಲಿ, ಸ್ಫಟಿಕದ ಕಡ್ಡಿಯನ್ನು ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿದ ಮೇಲೆ ಕೇಳಿ ತನ್ನಿ.

## ಜಾಗ ನೋಡಿ ಗಿಡ

“ಶಿವಮೊಗ್ಗದಲ್ಲಿ ನಮ್ಮನೇಲಿ ಚೆನ್ನಾಗಿರೋ ಗಿಡ ತೀರ್ಥಹಳ್ಳಿ ಹತ್ತಿರ ಅಕ್ಕನ ಮನೇಲಿ ಪ್ರತಿ ಸಲ ಕೊಳೀತದೆ. ಯಾಕೆ?”

ಒಂದೇ ಜಿಲ್ಲೆ, ಮಳೆ ಮಾತ್ರ ಒಂದೇ ಅಲ್ಲ. ಶಿವಮೊಗ್ಗ ನಗರಕ್ಕೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ನಡುವೆ ಇರುವುದು ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ಆದ್ದರಿಂದ ಭದ್ರಾವತಿ, ಶಿಕಾರಿಪುರ, ಶಿವಮೊಗ್ಗದ ಕಡೆ ಸೇವಂತಿಗೆ, ಸುಗಂಧರಾಜ, ನೇರಳೆ ವೆಲ್ವೆಟ್ಟಿನಂಥ ತೆನೆಯ ಸಾಲ್ವಿಯಾ ಎಲ್ಲವನ್ನೂ ನೆಲದಲ್ಲೇ ನೆಡಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಪಡುವಣ ಭಾಗದಲ್ಲಿ ಸೇವಂತಿಗೆ ಮತ್ತು ಡೇರೆಗೆ ಮಳೆಗಾಲದಲ್ಲಿ ಸೂರಿನ ಆಸರೆ ಬೇಕೇ ಬೇಕು. ನೆಲಕ್ಕೆ ಸ್ಫಟಿಕ, ಸುರುಳಿ ಸುಗಂಧಿ, ಕೇಪಳ (ಇಕ್ಸೋರಾ), ಹೆಲಿಕೋನಿಯಾ ಇಡಿ. ಸಾಲ್ವಿಯಾವನ್ನು ಆ ಕಡೆ ನೆಡುವುದು ವ್ಯರ್ಥ.

ಎಲ್ಲೇ ಆದರೂ ಸೂರಿನ ನೀರು ಧಾರೆಯಾಗಿ ಬೀಳುವ ಗೆರೆಯಿಂದ ಒಂದೂವರೆ ಅಡಿಯಾದರೂ ಆಚೆಗೆ ನೆಡಿ. ಆ ಗೆರೆಯ ಮೇಲೆ ನೆಟ್ಟ ಗಿಡದ ಬುಡದ ಮಣ್ಣು ಒಂದೇ ವಾರದಲ್ಲಿ ಕೊಚ್ಚಿಹೋಗಿ ಬೇರು ಬಯಲಾಗುತ್ತದೆ.

“ಮನೆ ಸುತ್ತ ಅಡಿಕೆ ತೋಟ. ಬಿಸಿಲು ಬೆಳಿಗ್ಗೆ ಎರಡು ತಾಸು ಬಂದರೆ ಹೆಚ್ಚು. ಏನು ನೆಡಲಿ?”

ಸೇವಂತಿಗೆಯ ಆಸೆ ಬಿಡಿ. ಅದಕ್ಕೆ ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು, ಇಲ್ಲದಿದ್ದರೆ ಉದ್ದಕ್ಕೆ ಬೆಳೆದು ಮಗುಚಿಕೊಳ್ಳುತ್ತದೆ. ಈ ಜಾಗಕ್ಕೆ ಹೇಳಿ ಮಾಡಿಸಿದ್ದು ಸುರುಳಿ ಸುಗಂಧಿ. ಬಿಳಿ ಹೂ, ಸಂಜೆ ಅರಳುತ್ತಲೇ ಅಂಗಳವೆಲ್ಲ ಪರಿಮಳ, ಆಗಸ್ಟಿನಿಂದ ನವೆಂಬರ್‌ವರೆಗೆ. ಗೆಡ್ಡೆಯನ್ನು ಎರಡು ಕಣ್ಣಿರುವಂತೆ ಕತ್ತರಿಸಿ, ಮೂರು ಇಂಚು ಆಳದಲ್ಲಿ, ಎರಡು ಅಡಿ ಅಂತರಕ್ಕೆ ಮಲಗಿಸಿ ನೆಡಬೇಕು. ತೋಟದ ಬಸಿಗಾಲುವೆಯ ಅಂಚು ಒಳ್ಳೆಯದು, ಕಾಲುವೆಯ ಒಳಗೆ ಬೇಡ. ಹರಡಿ ನೀರು ಕಟ್ಟುತ್ತದೆ. ಒಂದು ದಂಟು ಒಂದೇ ಸಲ ಹೂ ಕೊಡುವುದರಿಂದ ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕಡಿದರೆ ಹೊಸ ದಂಟಿಗೆ ಜಾಗವಾಗುತ್ತದೆ. ಮೂರು ವರ್ಷಕ್ಕೊಮ್ಮೆ ಅಗೆದು ಬೇರೆ ಮಾಡದಿದ್ದರೆ ಗೆಡ್ಡೆಗಳು ಒತ್ತಾಗಿ ನಡುವಿನವು ಹೂಬಿಡುವುದು ನಿಲ್ಲಿಸುತ್ತವೆ.

ಇದರ ಮುಂದೆ ಸ್ಫಟಿಕ, ಬದಿಗೆ ಕೇಪಳ. ನೆರಳಿನಲ್ಲಿ ಸ್ಫಟಿಕದ ಹೂ ಸ್ವಲ್ಪ ಕಡಿಮೆಯಾದರೂ ಬಣ್ಣ ಹೆಚ್ಚು ಗಾಢ ಕಾಣುತ್ತದೆ.

“ನಮ್ಮದು ಜಂಬಿಟ್ಟಿಗೆ ಮಣ್ಣು, ಗುದ್ದಲಿ ಇಳಿಯಲ್ಲ. ಏನಾದರೂ ಬರ್ತದಾ?”

ಬರುತ್ತದೆ, ಕೆಳಗೆ ಅಗೆಯುವ ಬದಲು ಮೇಲೆ ಎತ್ತಿ. ಜಂಬಿಟ್ಟಿಗೆಯಲ್ಲಿ ತೋಡಿದ ಗುಂಡಿಗೆ ಮೆತ್ತಗಿನ ಮಣ್ಣು ತುಂಬಿದರೆ ಜುಲೈನಲ್ಲಿ ಅದು ಬಾನಿಯಾಗಿ ನೀರು ಹಿಡಿದಿಡುತ್ತದೆ, ಬೇರು ಉಸಿರುಕಟ್ಟಿ ಸಾಯುತ್ತದೆ. ಇದು ಮಲೆನಾಡಿನಲ್ಲಿ ಅತಿ ಹೆಚ್ಚು ಹೂಗಿಡಗಳನ್ನು ಕೊಲ್ಲುವ ತಪ್ಪು. ನೆಲವನ್ನು ಪಿಕಾಸಿಯಿಂದ ನಾಲ್ಕು ಇಂಚು ಒರಟಾಗಿ ಕೆದಕಿ, ಮೇಲೆ ಕಲ್ಲಿನ ಅಂಚು ಕಟ್ಟಿ, ಹತ್ತರಿಂದ ಹನ್ನೆರಡು ಇಂಚು ಎತ್ತರದ ಏರುಮಡಿ ಮಾಡಿ. ಎರಡು ಬುಟ್ಟಿ ತೋಟದ ಮೇಲ್ಮಣ್ಣಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಹೊಳೆಮರಳು ಅಥವಾ ಪುಡಿಜಲ್ಲಿ. ಮಡಿಯ ಒಂದು ಬದಿ ಒಂದೆರಡು ಇಂಚು ಇಳಿಜಾರಾಗಿರಲಿ.

ಈ ಮಣ್ಣು ಹುಳಿ. ಏಪ್ರಿಲ್‌ನಲ್ಲಿ ಚದರ ಮೀಟರಿಗೆ 150 ಗ್ರಾಂನಷ್ಟು ಕೃಷಿ ಸುಣ್ಣ ಬೆರೆಸಿ, ಮೂರು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಕೇಪಳದ ಬುಡಕ್ಕೆ ಸುಣ್ಣ ಬೇಡ, ಅದಕ್ಕೆ ಹುಳಿಮಣ್ಣೇ ಇಷ್ಟ. ಮಣ್ಣು ಪರೀಕ್ಷೆ ಮಾಡಿಸುವವರು ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

“ಕುಂಡದಲ್ಲೇ ಎಲ್ಲ ಮಾಡಬೇಕು. ಎಷ್ಟು ದೊಡ್ಡದು ಬೇಕು?”

ಸೇವಂತಿಗೆಗೆ 8 ಇಂಚು ಸಾಕು, ಕನಕಾಂಬರ ಮತ್ತು ಡೇರೆಗೆ 10, ಸ್ಫಟಿಕಕ್ಕೆ 12. ತಳದ ತೂತಿನ ಮೇಲೆ ಹಂಚಿನ ಚೂರನ್ನು ಕವುಚಿ ಇಡಿ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಏಕೆಂದರೆ ಪಾಚಿಗಟ್ಟಿದ ಅಂಗಳಕ್ಕೆ ಅಂಟಿ ಕೂತ ಕುಂಡದ ತೂತು ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ ಕೊಟ್ಟೆ (ಚೀಲ) ಆದರೆ ತಳದಲ್ಲಿ ಅಲ್ಲ, ತಳದಿಂದ ಒಂದು ಇಂಚು ಮೇಲೆ ಸುತ್ತಲೂ ಆರೆಂಟು ತೂತು ಮಾಡಿ.

“ವಿಡಿಯೋದಲ್ಲಿ ವಿದೇಶದವರು ತೋರಿಸೋ ಸೆಡಮ್, ಅನಿಮೋನ್, ಎಕಿನೇಸಿಯಾ ನಮ್ಮಲ್ಲಿ ಬರಲ್ವಾ?”

ಹೆಚ್ಚಿನವು ಬರುವುದಿಲ್ಲ. ಅಲ್ಲಿನ ಬಹುವಾರ್ಷಿಕಗಳು ಹಿಮ ಬೀಳುವ ಚಳಿಯಲ್ಲಿ ಮಲಗಿ ಎದ್ದು ಹೂಬಿಡುವಂಥವು. ನಮ್ಮ ಡಿಸೆಂಬರ್ ಚಳಿ ಅವಕ್ಕೆ ಸಾಲದು, ನಮ್ಮ ಜುಲೈ ಮಳೆ ಅತಿಯಾಗುತ್ತದೆ. ಸೆಡಮ್ಮಿನ ರಸಭರಿತ ದಂಟು ಮೊದಲ ತಿಂಗಳ ಮಳೆಗೇ ಕರಗುತ್ತದೆ. ಆ ಪಟ್ಟಿಯಿಂದ ಸಾಲಿಡಾಗೋ ಒಂದನ್ನು ಧೈರ್ಯವಾಗಿ ತರಬಹುದು, ಏರುಮಡಿಯಲ್ಲಿ ಹಳದಿ ಗೊಂಚಲು ಚೆನ್ನಾಗಿ ಕೊಡುತ್ತದೆ. ಬೇರಿನಿಂದ ಹರಡುವುದರಿಂದ ವರ್ಷಕ್ಕೊಮ್ಮೆ ಅಂಚು ಕಡಿಯಬೇಕು. ರುಡ್ಬೆಕಿಯಾವನ್ನು ಒಂದು ಹಂಗಾಮಿನ ಹೂವೆಂದು ಬೆಳೆಸಿ, ಮರುವರ್ಷ ಕಾಯಬೇಡಿ.

“ದಾರಿ ಬದಿ ಹಳದಿ ಕಾಡು ಸೂರ್ಯಕಾಂತಿ ಎಷ್ಟು ಚಂದ ಬಿಡ್ತದೆ. ಕಡ್ಡಿ ತಂದು ನೆಡಬಹುದಾ?”

ಬೇಡ. ಮೆಕ್ಸಿಕೋ ಕಡೆಯಿಂದ ಬಂದು ಘಟ್ಟದ ರಸ್ತೆ ಬದಿಗಳನ್ನೆಲ್ಲ ಆವರಿಸುತ್ತಿರುವ ಗಿಡ ಅದು. ಕಡಿದೆಸೆದ ತುಂಡೂ ಬೇರು ಬಿಡುತ್ತದೆ, ಬೀಜ ಗಾಳಿಗೆ, ನೀರಿಗೆ ಹೋಗುತ್ತದೆ. ನಿಮ್ಮ ಬೇಲಿಯಿಂದ ಸೊಪ್ಪಿನ ಬೆಟ್ಟಕ್ಕೆ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡಿಗೆ) ದಾಟಿದರೆ ತೆಗೆಯುವವರಿಲ್ಲ. ಹೂಬಿಡುವ ಮೊದಲು ಸೊಪ್ಪು ಕಡಿದು ಗೊಬ್ಬರಗುಂಡಿಗೆ ಹಾಕುವುದು ಅದರ ಒಳ್ಳೆಯ ಉಪಯೋಗ. ಲಂಟಾನಕ್ಕೂ ನಮ್ಮ ಉತ್ತರ ಇದೇ.

“ಬಣ್ಣ ಹೇಗೆ ಹೊಂದಿಸೋದು? ಎಷ್ಟು ಗಿಡ ಬೇಕು?”

ಹಿನ್ನೆಲೆ ನೋಡಿ ಶುರು ಮಾಡಿ. ಜಂಬಿಟ್ಟಿಗೆ ಗೋಡೆಯ ಮುಂದೆ ಕನಕಾಂಬರದ ಕೇಸರಿ, ಇಟ್ಟಿಗೆಗೆಂಪು ಸೇವಂತಿಗೆ ಕಾಣುವುದೇ ಇಲ್ಲ. ಅಲ್ಲಿಗೆ ಬಿಳಿ, ಹಳದಿ. ಸುಣ್ಣದ ಗೋಡೆಗೆ ನೇರಳೆ ಸ್ಫಟಿಕ, ಕೇಸರಿ ಕನಕಾಂಬರ. ಅಡಿಕೆ ತೋಟದ ಕಡುಹಸಿರಿಗೆ ಬಿಳಿ ಬಿಟ್ಟರೆ ಇಲ್ಲ, ಸಂಜೆಯ ಮಂಜಿನಲ್ಲೂ ಬಿಳಿ ಕೊನೆಯವರೆಗೆ ಕಾಣುತ್ತದೆ.

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ: ಹಿಂದೆ ಎರಡೂವರೆ ಅಡಿಗೊಂದರಂತೆ ನಾಲ್ಕು ಸ್ಫಟಿಕ, ನಡುವೆ ಅಡಿಗೊಂದು ಸೇವಂತಿಗೆ ಹತ್ತು, ಮುಂದೆ ಅಡಿಗೊಂದು ಕನಕಾಂಬರ ಹತ್ತು. ಸೇವಂತಿಗೆಯಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ಬೆರೆಸಬೇಡಿ. ಒಂದೊಂದು ಗಿಡ ಒಂದೊಂದು ಬಣ್ಣವಾದರೆ ದೂರದಿಂದ ಯಾವುದೂ ಎದ್ದು ಕಾಣುವುದಿಲ್ಲ. ಐದೈದು ಗಿಡದ ಗುಂಪು ಮಾಡಿ.

## ನೆಟ್ಟು ಬೆಳೆಸುವುದು

“ದೀಪಾವಳಿಗೆ ಸೇವಂತಿಗೆ ಅರಳಿರಬೇಕು. ಯಾವಾಗ ಏನು ಮಾಡಲಿ?”

ಹಿಂದಿನಿಂದ ಲೆಕ್ಕ ಹಾಕಿ. ದೊಡ್ಡಹಬ್ಬ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ಬರುತ್ತದೆ. ಕೊನೆಯ ಸಲ ಕುಡಿ ಚಿವುಟಿದ ಮೇಲೆ ಮೊದಲ ಹೂ ಅರಳಲು ಸುಮಾರು ಹತ್ತು ವಾರ, ತಳಿ ನೋಡಿಕೊಂಡು ಒಂದೆರಡು ವಾರ ಹೆಚ್ಚುಕಡಿಮೆ. ನವೆಂಬರ್ ಮೊದಲ ವಾರದ ಹಬ್ಬಕ್ಕೆ ಆಗಸ್ಟ್ 20ರ ಒಳಗೆ ಚಿವುಟು ಮುಗಿದಿರಬೇಕು. ಹಬ್ಬ ಅಕ್ಟೋಬರ್‌ನಲ್ಲಿದ್ದರೆ ಆಗಸ್ಟ್ ಮೊದಲ ವಾರಕ್ಕೇ ನಿಲ್ಲಿಸಿ.

ಹಳೆಯ ಗಿಡವನ್ನು ಜನವರಿಯಲ್ಲಿ ನೆಲದಿಂದ ನಾಲ್ಕು ಇಂಚಿಗೆ ಕತ್ತರಿಸಿದರೆ ಬುಡದ ಸುತ್ತ ಮರಿ ಏಳುತ್ತದೆ. ನಾಲ್ಕೈದು ಎಲೆಯಾದಾಗ ಬೇರುಸಮೇತ ಬಿಡಿಸಿ ಸಣ್ಣ ಕೊಟ್ಟೆಗಳಲ್ಲಿ ಅರೆನೆರಳಿನಲ್ಲಿ ಬೇಸಿಗೆ ದಾಟಿಸಿ. ಹೊರಗಿನ ಮರಿಗಳನ್ನೇ ಆರಿಸಿ, ನಡುವಿನ ಹಳೆಯ ದಂಟಿಗೆ ಅಂಟಿದವು ರೋಗವನ್ನೂ ಹೊತ್ತು ತರುತ್ತವೆ. ಮೇ ಕೊನೆಗೆ, ಹೆಚ್ಚೆಂದರೆ ರೋಹಿಣಿ ಮಳೆ ಮುಗಿಯುವುದರೊಳಗೆ ಮಡಿಗೆ ಇಳಿಸಿ, ಜಡಿಮಳೆಗೆ ಮೊದಲು ಬೇರು ಹಿಡಿದಿರಬೇಕು. ನೆಟ್ಟ ನಾಲ್ಕು ವಾರಕ್ಕೆ, ಗಿಡ ಆರು ಇಂಚಾದಾಗ ಮೊದಲ ಚಿವುಟು: ತುದಿಯ ಎರಡು ಎಲೆ ಜೋಡಿಯಾಗುವಷ್ಟು ಎಳೆ ಭಾಗ ಮಾತ್ರ, ಉಗುರಲ್ಲಿ ಪಟ್ಟನೆ ಮುರಿಯಬೇಕು. ಎಳೆದರೆ ನಾರಾಗಿ ಸುಲಿಯುತ್ತಿದ್ದರೆ ಬಲಿತ ಜಾಗಕ್ಕೆ ಕೈ ಹಾಕಿದ್ದೀರಿ, ಸ್ವಲ್ಪ ಮೇಲೆ ಹೋಗಿ. ಪಕ್ಕದ ಟೊಂಗೆಗಳು ನಾಲ್ಕು ಇಂಚಾದಾಗ ಎರಡನೆಯ ಚಿವುಟು. ಮಳೆ ಸುರಿಯುವಾಗ ಚಿವುಟಬೇಡಿ. ಹೊಳವಾದ ದಿನ ಬೆಳಿಗ್ಗೆ ಮಾಡಿದರೆ ಸಂಜೆಗೆ ಗಾಯ ಒಣಗಿರುತ್ತದೆ.

“ಸ್ಫಟಿಕ ಎದೆಮಟ್ಟ ಬೆಳೆದಿದೆ, ತುದಿಯಲ್ಲಿ ಮಾತ್ರ ಹೂ. ಯಾವಾಗ ಕತ್ತರಿಸಲಿ?”

ಹೂ ಮುಗಿದ ಫೆಬ್ರವರಿಯಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ. ಜೂನ್ ಕೊನೆಗೆ ಹೊಸ ಚಿಗುರಿನ ತುದಿಯನ್ನು ಒಮ್ಮೆ ತೆಗೆದರೆ ಕವಲು ಹೆಚ್ಚುತ್ತದೆ. ಜುಲೈ ದಾಟಿದ ಮೇಲೆ ಕತ್ತರಿ ಮುಟ್ಟಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಮೃಗಶಿರ ಮಳೆ ಹಿಡಿದ ಮೇಲೆ ತೆಗೆದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರು ಇಂಚಿಗೆ ತುಂಡರಿಸಿ, ಎರಡು ಗೆಣ್ಣು ಮಣ್ಣೊಳಗೆ ಇರುವಂತೆ ಊರಿದರೆ ಮಳೆಗಾಲದಲ್ಲಿ ಬಹುಪಾಲು ಹಿಡಿಯುತ್ತವೆ.

“ಡೇರೆ ಚೌತಿಗೆ ಚೆನ್ನಾಗಿ ಬಿಡ್ತದೆ, ದೀಪಾವಳಿ ಹೊತ್ತಿಗೆ ಗಿಡವೇ ಇರಲ್ಲ. ಮುಂದುವರಿಸೋದು ಹೇಗೆ?”

ಎರಡು ತಂಡ ಮಾಡಿ. ಮೇ ತಿಂಗಳಲ್ಲಿ ಗೆಡ್ಡೆ ಇಟ್ಟ ಗಿಡ ಶ್ರಾವಣ, ಭಾದ್ರಪದಕ್ಕೆ. ಅದೇ ಗಿಡ ಒಂದಡಿ ಬೆಳೆದಾಗ ಚಿವುಟಿದ ತುದಿಗಳನ್ನು ಮೂರು ಇಂಚಿನ ಕಡ್ಡಿಯಾಗಿ ಮರಳು ಬೆರೆತ ಮಣ್ಣಿನಲ್ಲಿ, ಜಗಲಿಯಂಚಿನ ಬೆಳಕಿನಲ್ಲಿ ಬೇರು ಬರಿಸಿ. ಜುಲೈ ಕೊನೆಯಲ್ಲಿ ಕುಂಡಕ್ಕೆ ಹೋದ ಈ ಎರಡನೆಯ ತಂಡ ಅಕ್ಟೋಬರ್‌ಗೆ ಮೊಗ್ಗಾಗುತ್ತದೆ.

ಮೊದಲ ತಂಡ ಬೇಗ ಸಾಯುವುದಕ್ಕೆ ಒಂದು ಮುಖ್ಯ ಕಾರಣ ಹೂ ಕೊಯ್ಯುವ ರೀತಿ. ಡೇರೆಯ ದಂಟು ಒಳಗೆ ಟೊಳ್ಳು. ಎರಡು ಗೆಣ್ಣಿನ ನಡುವೆ ಕತ್ತರಿಸಿದರೆ ಕೊಳವೆ ಮೇಲ್ಮುಖವಾಗಿ ತೆರೆದು ಮಳೆನೀರು ತುಂಬುತ್ತದೆ, ಕೊಳೆ ಬುಡದವರೆಗೆ ಇಳಿದು ಗೆಡ್ಡೆಯನ್ನು ತಲುಪುತ್ತದೆ. ಗೆಣ್ಣಿನ ಮೇಲಕ್ಕೆ ಅಂಟಿದಂತೆ, ಓರೆಯಾಗಿ ಕತ್ತರಿಸಿ.

ದೊಡ್ಡ ಹೂ ಬೇಕಾದರೆ ಮೂರು ಮೊಗ್ಗಿನಲ್ಲಿ ಬದಿಯ ಎರಡನ್ನು ಕಡಲೆಗಾತ್ರದಲ್ಲಿರುವಾಗ ತೆಗೆಯಿರಿ. ಗೆಡ್ಡೆ ತೆಗೆದಿಡುವಾಗ ಕತ್ತಿನ ಭಾಗ ಮುರಿಯದಂತೆ ನೋಡಿಕೊಳ್ಳಿ. ಕಣ್ಣಿರುವುದು ಗೆಡ್ಡೆಯಲ್ಲಲ್ಲ, ಹಳೆಯ ದಂಟು ಸೇರುವ ಕತ್ತಿನ ಬಳಿ. ಕತ್ತಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು. ಒಣ ಮರಳಿನಲ್ಲಿ ಹುಗಿದು ಒಳಗಿಡಿ.

“ಗೌರಿ ಹೂ ಅಂಗಳದಲ್ಲಿ ಬೆಳೆಸಬಹುದಾ? ವಿಷ ಅಂತಾರಲ್ಲ.”

ವಿಷವೇ. ಗೆಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕಾಲ್ಚಿಸಿನ್ ಇದೆ, ಗೆಡ್ಡೆ ಪ್ರಾಣಕ್ಕೇ ಕುತ್ತು. ಚಿಕ್ಕ ಮಕ್ಕಳಿರುವ, ದನಕರು ಅಂಗಳಕ್ಕೆ ಬರುವ ಮನೆಗೆ ಬೇಡವೇ ಬೇಡ. ಬೆಳೆಸುವವರು ಬೇಲಿಗೆ ಹಬ್ಬಿಸಿ, ಗೆಡ್ಡೆ ಮುಟ್ಟುವಾಗ ಕೈಗವಸು ಹಾಕಿ, ತಿನ್ನುವ ಗೆಡ್ಡೆಗಳ ಜೊತೆ ಎಂದೂ ಇಡಬೇಡಿ. ನೇಗಿಲಿನಂತೆ ಕವಲೊಡೆದ ಗೆಡ್ಡೆಯ ತುದಿಯಲ್ಲಷ್ಟೇ ಮೊಳಕೆ ಇರುತ್ತದೆ. ತುದಿ ಮುರಿದರೆ ಆ ಕವಲು ಮುಗಿಯಿತು. ಹೂವಿನ ಕಾಲ ಮಳೆಯ ನಡುವಿನಿಂದ ಅಕ್ಟೋಬರ್‌ವರೆಗೆ, ಎಸಳು ಹಳದಿಯಲ್ಲಿ ತೊಡಗಿ ಕೆಂಪಿಗೆ ತಿರುಗುತ್ತದೆ.

“ಮಳೆಗಾಲದಲ್ಲಿ ಗೊಬ್ಬರ ಹಾಕಬೇಕಾ?”

ಜುಲೈ, ಆಗಸ್ಟಿನಲ್ಲಿ ಹಾಕಿದ್ದು ಹಳ್ಳಕ್ಕೆ ಹೋಗುತ್ತದೆ. ನೆಡುವಾಗ ಕೊಟ್ಟಿಗೆ ಗೊಬ್ಬರ, ಆಮೇಲೆ ಉತ್ತರೆ ಮಳೆ ಬಿಡುವು ಕೊಟ್ಟಾಗ ಗಿಡಕ್ಕೆ 10 ಗ್ರಾಂ 17:17:17 ರಸಗೊಬ್ಬರ, ಅಥವಾ ಒಂದಕ್ಕೆ ಹತ್ತು ನೀರು ಬೆರೆಸಿದ ಸಗಣಿ ಬಗ್ಗಡ ಹದಿನೈದು ದಿನಕ್ಕೊಮ್ಮೆ. ಮೊಗ್ಗು ಬಣ್ಣ ತೋರಿಸಿದ ಮೇಲೆ ಏನೂ ಬೇಡ.

## ತೊಂದರೆಗಳು

“ಸೇವಂತಿಗೆ ಎಲೆ ಹಚ್ಚಗೆ ಎಷ್ಟು ಚೆನ್ನಾಗಿದೆ, ನವೆಂಬರ್ ಬಂದರೂ ಮೊಗ್ಗೇ ಇಲ್ಲ!”

ರಾತ್ರಿ ಎಂಟಕ್ಕೆ ಹೋಗಿ ಗಿಡದ ಹತ್ತಿರ ನಿಂತು ನೋಡಿ. ಬೀದಿದೀಪವೋ ಗೇಟಿನ ಬಲ್ಬೋ ಎಲೆಯ ಮೇಲೆ ಬೀಳುತ್ತಿದೆಯೇ? ಸೇವಂತಿಗೆ ಎಣಿಸುವುದು ಬಿಸಿಲನ್ನಲ್ಲ, ಎಡೆಬಿಡದ ಕತ್ತಲನ್ನು. ರಾತ್ರಿಯಿಡೀ ಬೆಳಕು ಬಿದ್ದರೆ ಅದಕ್ಕೆ ಇನ್ನೂ ಬೇಸಿಗೆಯೇ. ಕುಂಡವಾದರೆ ಜಾಗ ಬದಲಿಸಿ, ನೆಲದಲ್ಲಿದ್ದರೆ ದೀಪಕ್ಕೆ ಮರೆ ಕಟ್ಟಿ. ಬೆಳಕು ಕಾರಣವಲ್ಲದಿದ್ದರೆ ಉಳಿದವು ಎರಡು: ಸೆಪ್ಟೆಂಬರ್‌ನಲ್ಲಿ ಚಿವುಟಿದ್ದು, ಇಲ್ಲವೇ ಯೂರಿಯಾ ಸುರಿದದ್ದು.

“ಬುಡದಿಂದ ಎಲೆ ಕಪ್ಪಾಗಿ ಒಣಗುತ್ತ ಮೇಲೆ ಮೇಲೆ ಬರ್ತಿದೆ.”

ಸೇವಂತಿಗೆಯ ಎಲೆಚುಕ್ಕೆ ರೋಗ. ಶಿಲೀಂಧ್ರ ಮಣ್ಣಿನಲ್ಲಿ, ಉದುರಿದ ಎಲೆಯಲ್ಲಿ ಇದ್ದು, ಮಳೆಹನಿ ಸಿಡಿದಾಗ ಕೆಳಗಿನ ಎಲೆಗೆ ಹಾರುತ್ತದೆ. ಅದಕ್ಕೇ ಬುಡದಿಂದ ಶುರು. ನೆಲಕ್ಕೆ ಹತ್ತಿರದ ಕೆಳಗಿನ ಎಲೆಗಳನ್ನು ಜೂನ್‌ನಲ್ಲೇ ತೆಗೆದು, ಬುಡಕ್ಕೆ ಎರಡು ಇಂಚು ದರಕು (ಒಣ ತರಗೆಲೆ) ಹಾಸಿದರೆ ಅರ್ಧ ರೋಗ ಅಲ್ಲಿಗೆ ನಿಂತಿತು. ಬಂದ ಎಲೆಯನ್ನು ಕಿತ್ತು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ.

ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣ ಮಾಡುವ ಮನೆಯಲ್ಲಿ ಅದನ್ನೇ ಅರ್ಧ ತೀಕ್ಷ್ಣತೆಗೆ ಬಳಸಬಹುದು: 50 ಗ್ರಾಂ ಮೈಲುತುತ್ತ 5 ಲೀಟರ್ ನೀರಿನಲ್ಲಿ, 50 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಿರಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಂದೇ ಮಾಡಿ ಅಂದೇ ಮುಗಿಸಿ. ಮೊಗ್ಗು ಬಂದ ಮೇಲೆ ಹೊಡೆದರೆ ಎಸಳಿಗೆ ನೀಲಿ ಕಲೆ ಹಿಡಿಯುತ್ತದೆ.

“ಸಿಂಬಳದ ಹುಳ, ಬಸವನ ಹುಳ ರಾತ್ರಿ ಬೆಳಗಾಗೋದರಲ್ಲಿ ಡೇರೆ ಚಿಗುರೆಲ್ಲ ಖಾಲಿ ಮಾಡ್ತವೆ. ಬೂದಿ ಹಾಕಿದರೆ ಹೋಗುತ್ತಾ?”

ಬೂದಿ, ಸುಣ್ಣದ ಗೆರೆ ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಮಲೆನಾಡಿನ ಮಳೆಯಲ್ಲಿ ಹತ್ತು ನಿಮಿಷ ನಿಲ್ಲದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಹಾಕಿಡಿ, ಬೆಳಿಗ್ಗೆ ಅಡಿಯಲ್ಲಿ ಕೂಡಿರುತ್ತವೆ. ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿಗೆ ಎರಚಬೇಡಿ. ಅಂಗಡಿಯ ವಿಷದ ಗುಳಿಗೆ ನಾಯಿಗಳಿಗೂ ಮಾರಕ.

“ಕನಕಾಂಬರ ನಿನ್ನೆ ಸರಿ ಇತ್ತು, ಇವತ್ತು ಜೋತುಬಿದ್ದಿದೆ. ನೀರಂತೂ ಬೇಕಾದಷ್ಟಿದೆ.”

ಕಿತ್ತು ಬೇರು ನೋಡಿ. ಬೇರಿನ ಮೇಲೆ ಸಾಸಿವೆ, ಜೋಳದ ಗಾತ್ರದ ಗಂಟುಗಳಿದ್ದರೆ ಜಂತುಹುಳು. ಗಂಟಿಲ್ಲದೆ, ಬುಡದ ದಂಟು ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗ. ಎರಡೂ ಒಟ್ಟಿಗಿರುವುದು ಸಾಮಾನ್ಯ, ಹುಳು ಮಾಡಿದ ಗಾಯದಲ್ಲೇ ಶಿಲೀಂಧ್ರ ಒಳಹೋಗುತ್ತದೆ. ಸೊರಗಿದ ಗಿಡ ಉಳಿಯುವುದಿಲ್ಲ. ಅದೇ ಗುಂಡಿಗೆ ಮತ್ತೆ ಕನಕಾಂಬರ ನೆಡದೆ ಒಂದು ಹಂಗಾಮು ಚೆಂಡು ಹೂ ಬೆಳೆಸಿ, ಅದರ ಬೇರು ಜಂತುಹುಳುವನ್ನು ತಗ್ಗಿಸುತ್ತದೆ. ಹೊಸ ಜಾಗದಲ್ಲಿ ಗುಂಡಿಗೆ 100 ಗ್ರಾಂ ಬೇವಿನ ಹಿಂಡಿ, ಜೊತೆಗೆ ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಶಿಲೀಂಧ್ರ ಬೆರೆಸಿದ ಗೊಬ್ಬರ (10 ಕಿಲೋಗೆ 200 ಗ್ರಾಂ ಬೆರೆಸಿ, ತೇವ ಆರದಂತೆ ನೆರಳಲ್ಲಿ ಎರಡು ವಾರ ಇಟ್ಟದ್ದು) ಹಾಕಿ.

“ಚಿತ್ತೆ ಮಳೆಗೆ ಅರಳಿದ ಸೇವಂತಿಗೆಯೆಲ್ಲ ಕಂದಿ ಕೊಳೆತುಹೋಯ್ತು.”

ಎಸಳು ಒತ್ತಾಗಿರುವ ದೊಡ್ಡ ಹೂ ನೀರನ್ನು ಹಿಡಿದಿಡುತ್ತದೆ, ಒಳಗಿನಿಂದ ಕೊಳೆಯುತ್ತದೆ. ಪಡುವಣ ತಾಲೂಕುಗಳಲ್ಲಿ ಗುಂಡಿಯಂಥ ಸಣ್ಣ ಹೂವಿನ, ಇಲ್ಲವೇ ಒಂದೇ ಸುತ್ತಿನ ಎಸಳಿನ ತಳಿಗಳನ್ನು ಆರಿಸಿ. ಮೊಗ್ಗು ಬಣ್ಣ ತೋರಿಸಿದಂದಿನಿಂದ ಮೇಲೆ ಪಾರದರ್ಶಕ ಶೀಟು ಕಟ್ಟಬಹುದು, ಸುತ್ತಲೂ ಗಾಳಿಗೆ ತೆರೆದಿರಬೇಕು.

“ಮಂಗಗಳಿಗೆ ಏನು ಮಾಡೋದು?”

ಪೂರಾ ತಡೆಯುವ ಉಪಾಯವಿಲ್ಲ. ದಾಸವಾಳದ ಮೊಗ್ಗನ್ನು ಅವು ಬಿಡುವುದಿಲ್ಲ, ಅದನ್ನು ಮನೆಗೆ ತೀರ ಹತ್ತಿರ ನೆಡಿ. ದೂರದ ಬೇಲಿಗೆ ಸ್ಫಟಿಕ ಇರಲಿ.

## ಪಳಗಿದವರಿಗೆ

“ಸೇವಂತಿಗೆ ಒಂದೇ ವಾರದಲ್ಲಿ ಎಲ್ಲ ಅರಳಿ ಮುಗಿಯುತ್ತದೆ. ದಸರೆಯಿಂದ ಸಂಕ್ರಾಂತಿವರೆಗೆ ಎಳೆಯಬಹುದಾ?”

ಎಳೆಯಬಹುದು. ಸುಲಭದ್ದು ಚಿವುಟನ್ನು ಹಂಚುವುದು: ಮೂರನೇ ಒಂದು ಪಾಲು ಗಿಡಗಳಿಗೆ ಜುಲೈ ಕೊನೆಗೆ, ಇನ್ನೊಂದು ಪಾಲಿಗೆ ಆಗಸ್ಟ್ ನಡುವಿಗೆ, ಉಳಿದದ್ದಕ್ಕೆ ಆಗಸ್ಟ್ ಕೊನೆಗೆ ಕೊನೆಯ ಚಿವುಟು. ಇಷ್ಟರಲ್ಲೇ ಐದಾರು ವಾರ ಹೂ ಸಿಗುತ್ತದೆ.

ದಸರೆಗೆ ಬೇಗ ಬೇಕಾದರೆ ಕತ್ತಲು ಕೊಡಬೇಕು. ಆಗಸ್ಟ್ ಮೊದಲಿಂದ ಕುಂಡಗಳನ್ನು ಸಂಜೆ ಐದಕ್ಕೆ ಬೆಳಕು ನುಸುಳದ ಕೋಣೆಗೋ ದಪ್ಪ ಕಪ್ಪುಬಟ್ಟೆಯ ಗೂಡಿಗೋ ಸೇರಿಸಿ, ಬೆಳಿಗ್ಗೆ ಎಂಟಕ್ಕೆ ಹೊರಗಿಡಿ. ಮೊಗ್ಗು ಬಣ್ಣ ತೋರಿಸುವವರೆಗೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಮೊಗ್ಗು ಅರ್ಧದಲ್ಲಿ ನಿಂತು ಎಲೆಯಂಥ ಎಸಳು ಬರುತ್ತದೆ. ಬಟ್ಟೆಯನ್ನು ಗಿಡದ ಮೇಲೆ ನೇರ ಹೊದಿಸಬೇಡಿ, ಆ ತಿಂಗಳ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಸಂಕ್ರಾಂತಿಗೆ ತಡ ಮಾಡಲು ಇದರ ತದ್ವಿರುದ್ಧ: ಸೆಪ್ಟೆಂಬರ್ ಮೊದಲಿಂದ ರಾತ್ರಿ ಹತ್ತರಿಂದ ಎರಡರವರೆಗೆ ಗಿಡದ ಮೇಲೆ ಬಲ್ಬು ಉರಿಸಿ, ಅಕ್ಟೋಬರ್ ಕೊನೆಗೆ ನಿಲ್ಲಿಸಿ. ಬಯಲುಸೀಮೆಯ ಬೆಳೆಗಾರರು ಸೇವಂತಿಗೆ ಹೊಲದಲ್ಲಿ ರಾತ್ರಿ ದೀಪ ಹಚ್ಚುವುದು ಇದಕ್ಕೇ.

“ಬೀಜದಿಂದ ಮಾಡಿದರೆ ಅದೇ ಬಣ್ಣ ಬರುತ್ತದಾ?”

ಸೇವಂತಿಗೆ, ಡೇರೆಯಲ್ಲಿ ಬರುವುದಿಲ್ಲ. ತಾಯಿಗಿಡದ ಹೂವೇ ಬೇಕೆಂದರೆ ಮರಿ, ಕಡ್ಡಿ, ಗೆಡ್ಡೆಯಿಂದಲೇ ಮಾಡಬೇಕು. ಹೊಸ ಬಣ್ಣ ಹುಡುಕುವವರು ಡೇರೆಯ ಬೀಜ ಹಾಕಿ ನೋಡಲಿ, ಪ್ರತಿ ಸಸಿಯೂ ಬೇರೆ. ಸ್ಫಟಿಕ ಬೀಜದಿಂದಲೂ ಹೆಚ್ಚುಕಡಿಮೆ ತಾಯಿಯಂತೆ ಬರುತ್ತದೆ.

ಕನಕಾಂಬರದಲ್ಲಿ ತಳಿ ತಿಳಿದಿರಬೇಕು. ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದು ಕಡ್ಡಿಯಿಂದಲೇ. ಬೀಜ ಕಟ್ಟುವ ನಾಟಿ ಕನಕಾಂಬರದ ಕಾಯಿ ಒಣಗಿ ಕಂದಾದ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ಚಟ್ಟನೆ ಸಿಡಿದು ಬೀಜ ಮಾರು ದೂರ ಹಾರುತ್ತದೆ. ಆದ್ದರಿಂದ ಬೀಜಕ್ಕೆಂದು ಬಿಟ್ಟ ತೆನೆಯನ್ನು ಇಬ್ಬನಿ ಆರಿದ ಮೇಲೆ, ಮಧ್ಯಾಹ್ನ, ಒಣಕೈಯಲ್ಲಿ ಕೊಯ್ಯಿರಿ. ಕಾಗದದ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಒಳಗೆ ಎರಡು ಹನಿ ನೀರು ಚಿಮುಕಿಸಿದರೆ ಬೀಜಗಳೆಲ್ಲ ಚೀಲದಲ್ಲೇ ಸಿಡಿಯುತ್ತವೆ. ತಕ್ಷಣ ನೆರಳಲ್ಲಿ ಆರಿಸಿ, ಆದಷ್ಟು ಬೇಗ ಬಿತ್ತಿ. ಹಳೆಯ ಬೀಜ ಚೆನ್ನಾಗಿ ಮೊಳೆಯುವುದಿಲ್ಲ.